ಕರೆಯದೆ ಬಂದ ಕಿಟಕಿಗಳು

2003ರ ಶ್ರಾವಣದ ಒಂದು ಸಂಜೆ. ಧಾರವಾಡದ ನಮ್ಮ ಓಣಿಯ ನಿವೃತ್ತ ಕನ್ನಡ ಶಿಕ್ಷಕರೊಬ್ಬರು ಮನೆಗೆ ಬಂದರು. "ಸರ, ನಮ್ಮ ಕಂಪ್ಯೂಟರ್ ನನಗ ಪಿಎಚ್.ಡಿ. ಕೊಡತೀನಿ ಅನ್ನಾಕತ್ತೈತಿ. ಒಂದೀಟ ಬಂದ ನೋಡ್ರಿ" ಎಂದರು.

ಹೋಗಿ ನೋಡಿದೆ. ಪರದೆಯ ನಟ್ಟನಡುವೆ ಬೂದುಬಣ್ಣದ ಒಂದು ಪುಟ್ಟ ಪೆಟ್ಟಿಗೆ. ಅದರ ನೆತ್ತಿಯ ಮೇಲೆ 'ಮೆಸೆಂಜರ್ ಸರ್ವಿಸ್' ಎಂಬ ಹೆಸರು. ಒಳಗೆ ಇಂಗ್ಲಿಷಿನಲ್ಲಿ, ಪರೀಕ್ಷೆ ಇಲ್ಲ, ತರಗತಿ ಇಲ್ಲ, ನಿಮ್ಮ ಅನುಭವದ ಆಧಾರದ ಮೇಲೆಯೇ ಡಾಕ್ಟರೇಟ್ ಪದವಿ ಸಿಗುತ್ತದೆ, ಈ ಸಂಖ್ಯೆಗೆ ಫೋನ್ ಮಾಡಿ ಎಂಬ ಒಕ್ಕಣೆ. ಸಂಖ್ಯೆ ಅಮೆರಿಕದ್ದು. ಆರು ವರ್ಷ ತಿಣುಕಿ ಅದೇ ಪದವಿ ಪಡೆದಿದ್ದ ನನಗೆ ನಗು ಬಂತು. ಪೆಟ್ಟಿಗೆಯಲ್ಲಿ 'ಓಕೆ' ಎಂಬ ಒಂದೇ ಗುಂಡಿ. ಅದನ್ನು ಒತ್ತಿದರೆ ಪೆಟ್ಟಿಗೆ ಮಾಯ. ಕೆಲವು ನಿಮಿಷದಲ್ಲಿ ಇನ್ನೊಂದು ಹಾಜರು. ವಿಚಿತ್ರವೆಂದರೆ ಅವರು ಯಾವ ಜಾಲತಾಣವನ್ನೂ ತೆರೆದಿರಲಿಲ್ಲ. ಮೋಡೆಮ್ ಕಿರ್ರೆಂದು ಕೂಗಿ ದೂರವಾಣಿ ತಂತಿಯ ಮೂಲಕ ಅಂತರಜಾಲ ಸೇರಿತ್ತು, ಅಷ್ಟೆ.

"ವೈರಸ್ ಇರಬೇಕು" ಎಂದೆ. ಭೌತಶಾಸ್ತ್ರದ ಅಧ್ಯಾಪಕ ಹೇಳಿದ ಮಾತೆಂದು ಅವರು ನಂಬಿದರು. ಮರುದಿನ ಅಂಗಡಿಯೊಂದರ ಹುಡುಗ ಬಂದು, ವೈರಸ್ ಅಂದ ಮೇಲೆ ಫಾರ್ಮ್ಯಾಟ್ ಮಾಡುವುದೊಂದೇ ದಾರಿ ಎಂದು ಹಾರ್ಡ್ ಡಿಸ್ಕನ್ನು ಪೂರ್ತಿ ಅಳಿಸಿದ. ಅದರಲ್ಲಿ ಆ ಶಿಕ್ಷಕರು 'ನುಡಿ' ತಂತ್ರಾಂಶದಲ್ಲಿ ಎರಡು ವರ್ಷದಿಂದ ಬೆರಳಚ್ಚು ಮಾಡುತ್ತ ಬಂದಿದ್ದ ಒಕ್ಕಲುತನದ ಪದಸಂಗ್ರಹವಿತ್ತು: ಕೂರಿಗೆ, ಕುಂಟೆ, ಬಾರುಕೋಲುಗಳಿಂದ ಹಿಡಿದು ಸುತ್ತಲಿನ ಹಳ್ಳಿಗಳ ಮುದುಕರ ಬಾಯಿಂದ ಕೇಳಿ ಬರೆದುಕೊಂಡಿದ್ದ ಅರವತ್ತು ಪುಟ. ಬೇರೆ ಪ್ರತಿ ಇರಲಿಲ್ಲ. ಬರೆದುಕೊಂಡ ಚೀಟಿಗಳನ್ನು, ಕಂಪ್ಯೂಟರಿಗೆ ಏರಿಸಿಯಾಯಿತಲ್ಲ ಎಂದು, ಮನೆಯವರು ರದ್ದಿಗೆ ಹಾಕಿದ್ದರು. ಹೊಸದಾಗಿ ವಿಂಡೋಸ್ ಹಾಕಿ, ದೂರವಾಣಿ ತಂತಿ ಜೋಡಿಸಿ ಇಪ್ಪತ್ತು ನಿಮಿಷ ಕಳೆಯುವುದರೊಳಗೆ ಅದೇ ಬೂದು ಪೆಟ್ಟಿಗೆ ಮರಳಿ ಬಂತು.

ಪ್ರಯೋಗಶಾಲೆಯಲ್ಲಿ ಇಂತಹ ಫಲಿತಾಂಶ ಬಂದರೆ ಊಹೆ ತಪ್ಪು ಎಂದು ಒಪ್ಪಿಕೊಳ್ಳುತ್ತೇವೆ. ತೊಳೆದು ಒಣಗಿಸಿದ ಪಾತ್ರೆಯಲ್ಲಿ ವೈರಸ್ ಇರಲು ಸಾಧ್ಯವಿರಲಿಲ್ಲ. ಹಾಗಾದರೆ ಆ ಪೆಟ್ಟಿಗೆ ಬಂದದ್ದು ಎಲ್ಲಿಂದ?

ಕಚೇರಿಯ ಜವಾನ ಮನೆಗೆ ಬಂದ ಬಗೆ

ಅದು ವಿಂಡೋಸ್‌ನದೇ ಒಂದು ಅಂಗ. ಒಂದು ಕಟ್ಟಡದೊಳಗಿನ ಗಣಕಗಳನ್ನು ತಂತಿಯಿಂದ ಜೋಡಿಸುವ ಪದ್ಧತಿ 1980ರ ದಶಕದಲ್ಲಿ ಬೆಳೆಯಿತು. ಆಗ ಕಚೇರಿಯ ಜವಾನ ಚೀಟಿ ಹಿಡಿದು ಮೇಜಿನಿಂದ ಮೇಜಿಗೆ ಓಡಾಡುವಂತೆ, ಗಣಕದಿಂದ ಗಣಕಕ್ಕೆ ಸಣ್ಣ ಸೂಚನೆ ಕಳಿಸುವ ಸೌಲಭ್ಯ ಬೇಕಾಯಿತು. ಮುದ್ರಣ ಮುಗಿದಿದೆ, ಪ್ರಿಂಟರಿನಲ್ಲಿ ಕಾಗದ ತೀರಿದೆ, ಇನ್ನು ಹತ್ತು ನಿಮಿಷದಲ್ಲಿ ಸರ್ವರ್ ನಿಲ್ಲಿಸುತ್ತೇವೆ, ನಿಮ್ಮ ಕೆಲಸ ಉಳಿಸಿಕೊಳ್ಳಿ: ಇಂಥವು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯಲ್ಲಿ ಈ ಸೌಲಭ್ಯವಿತ್ತು. 'ನೆಟ್ ಸೆಂಡ್' ಎಂದು ಬರೆದು, ಗಣಕದ ಹೆಸರನ್ನೂ ಸುದ್ದಿಯನ್ನೂ ಸೇರಿಸಿ ಎಂಟರ್ ಒತ್ತಿದರೆ ಆ ಗಣಕದ ಪರದೆಯ ಮೇಲೆ ಪೆಟ್ಟಿಗೆ ತೆರೆದುಕೊಳ್ಳುತ್ತಿತ್ತು.

ಕಳಿಸಿದವರು ಯಾರು, ಅವರಿಗೆ ಆ ಅಧಿಕಾರವಿದೆಯೇ ಎಂದು ಈ ಜವಾನ ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಕಟ್ಟಡದೊಳಗೆ ಎಲ್ಲರೂ ಗೊತ್ತಿದ್ದವರೇ. ತಪ್ಪು ಮಾಡಿದವನನ್ನು ಮಧ್ಯಾಹ್ನದ ಚಹಾಕ್ಕೆ ಹಿಡಿದು ಕೇಳಬಹುದಿತ್ತು.

ಮನೆಯ ಗಣಕಗಳ ವಂಶ ಬೇರೆಯದು. ವಿಂಡೋಸ್ 95, 98 ಮುಂತಾದವುಗಳಲ್ಲಿ ಈ ಸೇವೆ ತಾನಾಗಿಯೇ ಓಡುತ್ತಿರಲಿಲ್ಲ. 2001ರ ಅಕ್ಟೋಬರ್ 25ರಂದು ಬಂದ ವಿಂಡೋಸ್ ಎಕ್ಸ್‌ಪಿ ಎರಡೂ ವಂಶಗಳನ್ನು ಒಂದು ಮಾಡಿತು. ಮನೆಯವರಿಗೆ ಪದೇ ಪದೇ ಕುಸಿಯದ, ಗಟ್ಟಿಮುಟ್ಟಾದ ಯಂತ್ರ ಸಿಕ್ಕಿತು. ಅದು ಒಳ್ಳೆಯದೇ. ಆದರೆ ಕಚೇರಿಯ ಯಂತ್ರದೊಂದಿಗೆ ಕಚೇರಿಯ ಜವಾನನೂ ಮನೆಗೆ ಬಂದ. ಯಾರೂ ಕೇಳದಿದ್ದರೂ ಯಂತ್ರ ಚಾಲೂ ಆದೊಡನೆ ಕೆಲಸಕ್ಕೆ ನಿಲ್ಲುತ್ತಿದ್ದ.

ಇನ್ನೊಂದು ಸಂಗತಿ ಸೇರದಿದ್ದರೆ ಇದರಿಂದ ತೊಂದರೆ ಆಗುತ್ತಿರಲಿಲ್ಲ. ನಮ್ಮ ದೇಶದಲ್ಲಿ ಅಂತರಜಾಲ ಮೊದಲು ವಿದ್ಯಾಸಂಸ್ಥೆಗಳ ಸೊತ್ತಾಗಿತ್ತು. 1986ರಲ್ಲಿ ಆರಂಭವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎಂಟು ಸಂಸ್ಥೆಗಳಿದ್ದವು. ಸಾರ್ವಜನಿಕರಿಗೆ ಅದು ತೆರೆದದ್ದು 1995ರ ಆಗಸ್ಟ್ 15ರಂದು. ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮೋಡೆಮ್ ಕೂಗತೊಡಗಿದ್ದು ಇನ್ನೂ ಕೆಲವು ವರ್ಷಗಳ ನಂತರ. ಹೀಗೆ ದೂರವಾಣಿ ಮೂಲಕ ಜೋಡಣೆಯಾದ ಪ್ರತಿ ಗಣಕಕ್ಕೂ ಆ ಹೊತ್ತಿನ ಮಟ್ಟಿಗೆ ಒಂದು ಬಹಿರಂಗ ಸಂಖ್ಯಾ ವಿಳಾಸ ಸಿಗುತ್ತಿತ್ತು. ಜಗತ್ತಿನ ಯಾವ ಮೂಲೆಯಿಂದಲಾದರೂ ಆ ವಿಳಾಸಕ್ಕೆ ಸಂದೇಶ ಕಳಿಸಬಹುದು. ನಮ್ಮ ಶಿಕ್ಷಕರ ಮನೆ, ಜವಾನನ ಲೆಕ್ಕದಲ್ಲಿ, ನಾಲ್ಕು ನೂರು ಕೋಟಿ ಕೋಣೆಗಳ ಒಂದು ಕಟ್ಟಡದ ಭಾಗವಾಯಿತು.

ಒಂದು ಸಣ್ಣ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲೋಣ. ಈ ದಂಧೆ ಏಕೆ ಅಷ್ಟು ಅಗ್ಗವಾಗಿತ್ತು ಎಂಬುದನ್ನು ಲೆಕ್ಕ ಹಾಕಿದರೆ ಮಾತ್ರ ತಿಳಿಯುತ್ತದೆ.

ಅಂತರಜಾಲದಲ್ಲಿ ಮಾಹಿತಿ ಸಾಗಿಸಲು ಎರಡು ಮುಖ್ಯ ರೀತಿಗಳಿವೆ. ಒಂದು ದೂರವಾಣಿ ಮಾತುಕತೆಯಂತೆ: ಮೊದಲು ಹಲೋ, ಆ ಕಡೆಯಿಂದ ಉತ್ತರ, ಆಮೇಲೆ ವಿಷಯ. ಇದಕ್ಕೆ ಟಿಸಿಪಿ ಎನ್ನುತ್ತಾರೆ. ಇನ್ನೊಂದು ಅಂಚೆ ಕಾರ್ಡಿನಂತೆ: ಬರೆದು ಡಬ್ಬಿಗೆ ಹಾಕಿದರೆ ಮುಗಿಯಿತು. ಇದು ಯುಡಿಪಿ. 1980ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ ಮೂರೇ ಪುಟದ ದಾಖಲೆಯಲ್ಲಿ ಇದರ ನಿಯಮಗಳೆಲ್ಲ ಅಡಗಿವೆ. ಕಾರ್ಡಿನ ಮೇಲೆ ಕಳಿಸಿದವರ ವಿಳಾಸವನ್ನು ಸುಳ್ಳಾಗಿ ಬರೆದರೂ ಅದು ತಲುಪುತ್ತದೆ. ಮೆಸೆಂಜರ್ ಸೇವೆ ಇಂತಹ ಒಂದೇ ಒಂದು ಕಾರ್ಡನ್ನೂ ಸ್ವೀಕರಿಸುತ್ತಿತ್ತು. ಅದಕ್ಕೆ ಗಣಕದ 135ನೆಯ ಸಂಖ್ಯೆಯ ಪೋರ್ಟು, ಅಂದರೆ ಬಾಗಿಲು, ಸಾಕಾಗುತ್ತಿತ್ತು. ಅದನ್ನು ಮುಚ್ಚಿದವರಿಗೆ 1026, 1027ರ ಆಸುಪಾಸಿನ ಬಾಗಿಲುಗಳಲ್ಲಿ ಬರತೊಡಗಿತು.

ಒಂದು ಸಂದೇಶ 500 ಬೈಟ್ ಎಂದುಕೊಳ್ಳಿ, ಅಂದರೆ 4000 ಬಿಟ್. ಸೆಕೆಂಡಿಗೆ ಒಂದು ಕೋಟಿ ಬಿಟ್ ಸಾಗಿಸುವ ಸಾಧಾರಣ ಜೋಡಣೆಯಿಂದ ಸೆಕೆಂಡಿಗೆ 2500 ಸಂದೇಶ ಹೊರಡುತ್ತವೆ. ಒಂದು ಕೋಟಿ ವಿಳಾಸಗಳಿಗೆ ಕಳಿಸಲು 4000 ಸೆಕೆಂಡು, ಒಂದು ಗಂಟೆ ಏಳು ನಿಮಿಷ. ಮಿಂಚಂಚೆಯ ಕಿರುಕುಳ ಕೊಡುವವನು ವಿಳಾಸಗಳ ಪಟ್ಟಿಯನ್ನು ಕದಿಯಬೇಕು ಅಥವಾ ಕೊಳ್ಳಬೇಕು. ಇವನಿಗೆ ಅದೂ ಬೇಡ. ಸಂಖ್ಯಾ ವಿಳಾಸಗಳು ಒಟ್ಟು 4,294,967,296. ಒಂದರಿಂದ ಎಣಿಸುತ್ತ ಹೋದರಾಯಿತು. ಆ ಎಣಿಕೆಯಲ್ಲಿ ಧಾರವಾಡದ ಮೇಷ್ಟರೂ ಒಂದು ಸಂಖ್ಯೆ.

2002ರ ಅಕ್ಟೋಬರ್ ಹೊತ್ತಿಗೆ ಈ ಕೆಲಸಕ್ಕೆಂದೇ 'ಡೈರೆಕ್ಟ್ ಅಡ್ವರ್ಟೈಸರ್' ಎಂಬ ತಂತ್ರಾಂಶ ಮಾರಾಟಕ್ಕೆ ಬಂದಿತ್ತು. ಪರೀಕ್ಷೆಯಿಲ್ಲದ ಪದವಿಯ ಜಾಹೀರಾತುಗಳು ಹರಡಿದ್ದೂ ಆಗಲೇ.

ಇನ್ನೂ ನಾಚಿಕೆಗೇಡಿನ ಅಧ್ಯಾಯ ಬಂದದ್ದು 2003ರಲ್ಲಿ. ಅಮೆರಿಕದ ಸ್ಯಾನ್ ಡಿಯಾಗೊ ಊರಿನ ಡಿ ಸ್ಕ್ವೇರ್ಡ್ ಸೊಲ್ಯೂಷನ್ಸ್ ಎಂಬ ಪುಟ್ಟ ಕಂಪನಿ ಇದೇ ಬೂದು ಪೆಟ್ಟಿಗೆಗಳನ್ನು ಕಳಿಸುತ್ತಿತ್ತು. ಕೆಲವರಿಗೆ ಹತ್ತು ನಿಮಿಷಕ್ಕೊಮ್ಮೆ. ಅದು ಮಾರುತ್ತಿದ್ದ ಸರಕು ಏನು ಗೊತ್ತೆ? ಇಂತಹ ಪೆಟ್ಟಿಗೆಗಳು ಬಾರದಂತೆ ತಡೆಯುವ ತಂತ್ರಾಂಶ! ಬೆಲೆ 25ರಿಂದ 30 ಡಾಲರ್. ಮನೆಯ ಬಾಗಿಲಿಗೆ ಕಲ್ಲು ಹೊಡೆದು, ಕಲ್ಲು ಬೀಳದಂತೆ ಕಾಯಲು ಹಣ ಕೇಳುವ ವ್ಯಾಪಾರ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2003ರ ನವೆಂಬರ್‌ನಲ್ಲಿ ಈ ಮೊಕದ್ದಮೆಯನ್ನು ಬಹಿರಂಗಪಡಿಸಿತು. 2004ರಲ್ಲಿ ರಾಜಿಯಾಗಿ ಆ ಕಳಿಸುವಿಕೆ ನಿಂತಿತು. ಆ ದೇಶದ ಪ್ರಸಿದ್ಧ ಸ್ಪ್ಯಾಮ್ ವಿರೋಧಿ ಕಾಯಿದೆ ಜಾರಿಗೆ ಬಂದದ್ದು 2004ರ ಜನವರಿಯಲ್ಲಿ, ಅದೂ ಮಿಂಚಂಚೆಗಾಗಿ. ಹೀಗಾಗಿ ಇಲ್ಲಿ ಬಳಸಿದ್ದು ಅನ್ಯಾಯದ ವ್ಯಾಪಾರವನ್ನು ತಡೆಯುವ ಹಳೆಯ ಕಾನೂನನ್ನೇ.

ಆ ಕಂಪನಿ ಹಣ ಕೇಳಿದ ಕೆಲಸಕ್ಕೆ ನಿಜವಾಗಿ ಬೇಕಾಗಿದ್ದದ್ದು ಒಂದು ನಿಮಿಷ. ಕಂಟ್ರೋಲ್ ಪ್ಯಾನೆಲ್ ತೆರೆದು, ಆಡಳಿತ ಸಾಧನಗಳಲ್ಲಿ 'ಸರ್ವಿಸಸ್' ಪಟ್ಟಿಗೆ ಹೋಗಿ, ಮೆಸೆಂಜರ್ ಎಂಬುದನ್ನು ನಿಲ್ಲಿಸಿ, ಮುಂದೆಂದೂ ತಾನಾಗಿ ಏಳದಂತೆ 'ಡಿಸೇಬಲ್' ಮಾಡಿದರೆ ಮುಗಿಯಿತು. ಕಾಸು ಖರ್ಚಿಲ್ಲ. ಫಾರ್ಮ್ಯಾಟ್ ಅಂತೂ ಖಂಡಿತ ಬೇಡ. ಇದು ನನಗೆ ತಿಳಿದದ್ದು ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ಅರವತ್ತು ಪುಟ ಹೋಗಿ ಎರಡು ತಿಂಗಳಾಗಿತ್ತು.

ಹೆಸರಿನ ಗೊಂದಲವೂ ಜನರನ್ನು ಕಾಡಿತು. ಹರಟೆಗೆಂದು ಇದ್ದ ವಿಂಡೋಸ್ ಮೆಸೆಂಜರ್ ಎಂಬ ಇನ್ನೊಂದು ತಂತ್ರಾಂಶಕ್ಕೂ ಈ ಸೇವೆಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಎಷ್ಟೋ ಜನ ಅದನ್ನು ಕಿತ್ತುಹಾಕಿ, ಪೆಟ್ಟಿಗೆ ಇನ್ನೂ ಬರುತ್ತಿದೆಯಲ್ಲ ಎಂದು ತಲೆ ಕೆರೆದುಕೊಂಡರು. ನನ್ನ ಸಹೋದ್ಯೋಗಿಗಳಲ್ಲಿಯೇ ಇಬ್ಬರು.

ನನ್ನ 'ವೈರಸ್' ಊಹೆಗೆ ಆ ತಿಂಗಳ ಸುದ್ದಿಯೂ ಕಾರಣವಾಗಿತ್ತು ಎಂದು ಹೇಳಿಕೊಂಡರೆ ಸಮರ್ಥನೆಯಾದೀತೇನೋ. 2003ರ ಆಗಸ್ಟ್ 11ರಂದು ಬ್ಲಾಸ್ಟರ್ ಎಂಬ ಹುಳು ಜಗತ್ತಿನಾದ್ಯಂತ ಹರಡಿತು. ಅದು ನುಗ್ಗಿದ್ದು ಟಿಸಿಪಿಯ 135ನೆಯ ಬಾಗಿಲಿನಿಂದ. ಅರವತ್ತು ಸೆಕೆಂಡುಗಳ ಎಣಿಕೆ ತೋರಿಸಿ ಗಣಕವೇ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಎರಡೂ ರೋಗಗಳಿಗೆ ಬಾಗಿಲ ಸಂಖ್ಯೆ ಒಂದೇ ಎಂಬುದು ಮುಖ್ಯ. ಬೂದು ಪೆಟ್ಟಿಗೆ ಬರಿಯ ಕಿರಿಕಿರಿಯಾಗಿರಲಿಲ್ಲ. ನಿಮ್ಮ ಬಾಗಿಲು ತೆರೆದಿದೆ ಎಂದು ಪುಕ್ಕಟೆಯಾಗಿ ತಿಳಿಸುವ ಸೂಚನೆಯೂ ಆಗಿತ್ತು. ಅಕ್ಟೋಬರ್ 15ರಂದು ಮೈಕ್ರೋಸಾಫ್ಟ್ ಹೊರಡಿಸಿದ ಪ್ರಕಟಣೆ ಇನ್ನೂ ಮುಂದೆ ಹೋಯಿತು. ಮೆಸೆಂಜರ್ ಸೇವೆಯಲ್ಲೇ ಒಂದು ದೋಷವಿದೆ, ಅಳತೆ ಮೀರಿದ ಸಂದೇಶ ಕಳಿಸಿ ಗಣಕವನ್ನೇ ವಶಪಡಿಸಿಕೊಳ್ಳಬಹುದು ಎಂದಿತು. ಜವಾನನನ್ನು ಮನೆಗೆ ಕಳಿಸಿ ಬಾಗಿಲು ತೆರೆದಿಟ್ಟರೆ ಸಾಲದು, ಬಾಗಿಲಿಗೆ ಫೈರ್‌ವಾಲ್ ಎಂಬ ಅಗುಳಿ ಬೇಕು ಎಂಬುದು ಆಗ ಸ್ಪಷ್ಟವಾಯಿತು. ಎಕ್ಸ್‌ಪಿಯಲ್ಲಿ ಅಂತಹ ಅಗುಳಿ ಮೊದಲಿನಿಂದಲೂ ಇತ್ತು. ಹಾಕಿರಲಿಲ್ಲ, ಅಷ್ಟೆ.

ಅದೇ ಅಕ್ಟೋಬರ್‌ನಲ್ಲಿ ಅಮೆರಿಕದ ಎಓಎಲ್ ಕಂಪನಿ ತನ್ನ ಲಕ್ಷಾಂತರ ಗ್ರಾಹಕರ ಗಣಕಗಳಲ್ಲಿ ಮೆಸೆಂಜರ್ ಸೇವೆಯನ್ನು ತಾನೇ ನಿಲ್ಲಿಸಿಬಿಟ್ಟಿತು, ಅವರನ್ನು ಮೊದಲು ಕೇಳದೆ. ಉಪಕಾರವೇ ಸರಿ. ಆದರೂ ನನಗೆ ಇಂದಿಗೂ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. ಕಳ್ಳ ಬರಬಾರದೆಂದು ನೆರೆಯವನು ನಾನಿಲ್ಲದಾಗ ಒಳಬಂದು ಕಿಟಕಿ ಹಾಕಿ ಹೋದರೆ, ಧನ್ಯವಾದ ಹೇಳುತ್ತಲೇ ಇವನು ಒಳಗೆ ಬಂದದ್ದು ಹೇಗೆ ಎಂದು ಕೇಳಬೇಕಾಗುತ್ತದೆ.

ಕೊನೆಗೆ ರೋಗ ನಿಂತದ್ದು 2004ರ ಆಗಸ್ಟ್‌ನಲ್ಲಿ ಬಂದ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್‌ನಿಂದ. ಅದು ಮಾಡಿದ್ದು ಹೊಸ ಆವಿಷ್ಕಾರವಲ್ಲ. ಮೊದಲೇ ಇದ್ದ ಅಗುಳಿಯನ್ನು ಹಾಕಿತು, ಮೊದಲೇ ಇದ್ದ ಜವಾನನನ್ನು ಮಲಗಿಸಿತು. ಬೇಕಾದವರು ತೆರೆದುಕೊಳ್ಳಲಿ ಎಂದಿತು. ಕೋಟ್ಯಂತರ ಜನ ಸರ್ವಿಸಸ್ ಪಟ್ಟಿಯನ್ನು ಹುಡುಕುವುದು ಆಗದ ಮಾತು. ಯಂತ್ರ ಹೊರಬರುವಾಗಲೇ ಬಾಗಿಲು ಮುಚ್ಚಿರಬೇಕೋ ತೆರೆದಿರಬೇಕೋ ಎಂಬ ಒಂದು ತೀರ್ಮಾನ, ಎಲ್ಲ ತಡೆ ತಂತ್ರಾಂಶಗಳಿಗಿಂತ ಹೆಚ್ಚಿನ ಕೆಲಸ ಮಾಡಿತು. 2007ರ ವಿಂಡೋಸ್ ವಿಸ್ಟಾದಲ್ಲಿ ಆ ಸೇವೆಯನ್ನೇ ತೆಗೆದುಹಾಕಿದರು.

ನಮ್ಮೂರಿಗೆ ಈ ಮದ್ದು ತಲುಪಲು ತಡವಾಯಿತು ಎಂಬುದನ್ನೂ ಹೇಳಬೇಕು. ಆ ಪ್ಯಾಕ್‌ನ ಪೂರ್ಣ ಗಾತ್ರ 260 ಎಂಬಿಗೂ ಹೆಚ್ಚು. ಸೆಕೆಂಡಿಗೆ 40 ಸಾವಿರ ಬಿಟ್ ಸಿಗುತ್ತಿದ್ದ ದೂರವಾಣಿ ಜೋಡಣೆಯಲ್ಲಿ, ನಡುವೆ ಎಲ್ಲೂ ಕಡಿಯದಿದ್ದರೆ, ಹದಿನಾಲ್ಕು ಗಂಟೆಗೂ ಮಿಕ್ಕಿದ ಕೆಲಸ! ಕಡಿಯದೆ ಇರುತ್ತಿರಲಿಲ್ಲ. ಸಿ.ಡಿ.ಗಳು ಕೈಯಿಂದ ಕೈಗೆ ದಾಟಿ ಬಂದವು. ಮನೆಯಲ್ಲಿದ್ದುದು ಕಳ್ಳಪ್ರತಿಯಾಗಿದ್ದವರು ಎಲ್ಲಿ ಸಿಕ್ಕಿಬೀಳುತ್ತೇವೋ ಎಂದು ಅದನ್ನು ಮುಟ್ಟಲಿಲ್ಲ. 2005ರಲ್ಲಿ ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡ್ ಆರಂಭಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ರೌಟರ್ ರೀತಿಯಲ್ಲಿ ಕೆಲಸ ಮಾಡುವ ಮೋಡೆಮ್ ಇದ್ದ ಮನೆಗಳಲ್ಲಿ ಬಹಿರಂಗ ವಿಳಾಸ ಆ ಪೆಟ್ಟಿಗೆಗೆ ಮಾತ್ರ ಇರುತ್ತಿತ್ತು. ಒಳಗಿನ ಗಣಕ ಕೇಳದೆ ಬಂದ ಕಾರ್ಡುಗಳು ಹೊಸ್ತಿಲಲ್ಲೇ ಬಿದ್ದುಹೋಗುತ್ತಿದ್ದವು.

ಇನ್ನೊಂದು ವಂಶ

ಇಷ್ಟು ಹೊತ್ತು ಹೇಳಿದ್ದು ಜಾಲತಾಣವನ್ನೇ ತೆರೆಯದಿದ್ದರೂ ಬರುತ್ತಿದ್ದ ಪೆಟ್ಟಿಗೆಗಳ ಕತೆ. ಜಾಲತಾಣ ತೆರೆದಾಗ ಮೇಲಕ್ಕೆ ಪುಟಿಯುವ ಜಾಹೀರಾತಿನ ಕಿಟಕಿಗಳದು ಬೇರೆ ವಂಶ. 1990ರ ದಶಕದ ಕೊನೆಯ ಭಾಗದಲ್ಲಿ ಟ್ರೈಪಾಡ್ ಎಂಬ ತಾಣದಲ್ಲಿ ಕೆಲಸ ಮಾಡುತ್ತಿದ್ದ ಈಥನ್ ಝುಕರ್‌ಮನ್, ಒಂದು ಕಾರು ಕಂಪನಿಯ ಜಾಹೀರಾತು ಅಶ್ಲೀಲ ಪುಟದ ಮೇಲೆ ಕಾಣಿಸಿ ಅವರು ಗಾಬರಿಯಾದಾಗ, ಜಾಹೀರಾತನ್ನು ಪ್ರತ್ಯೇಕ ಕಿಟಕಿಯಲ್ಲಿ ತೆರೆಯುವ ಸೂತ್ರ ಬರೆದರು. 2014ರಲ್ಲಿ ಅದಕ್ಕಾಗಿ ಬಹಿರಂಗವಾಗಿ ಕ್ಷಮೆಯನ್ನೂ ಕೇಳಿದರು. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವೇ ಅದೂ.

ಅದರ ತಡೆ ಸರಳ. ಬಳಕೆದಾರ ಗುಂಡಿ ಒತ್ತಿದ್ದರಿಂದ ತೆರೆದ ಕಿಟಕಿಯನ್ನು ಬಿಡು, ಪುಟ ತಾನಾಗಿಯೇ ತೆರೆಯಹೊರಟ ಕಿಟಕಿಯನ್ನು ತಡೆ. 2002ರ ಮೊಜಿಲ್ಲಾ 1.0ರಲ್ಲಿ ಈ ಸೌಲಭ್ಯವಿತ್ತು. ಅದೇ ಬೇರಿನಿಂದ ಬಂದ ನೆಟ್‌ಸ್ಕೇಪ್ 7.0ರಲ್ಲಿ ಇರಲಿಲ್ಲ, ನೆಟ್‌ಸ್ಕೇಪಿನ ಒಡೆತನ ಜಾಹೀರಾತಿನ ಆದಾಯವಿದ್ದ ಎಓಎಲ್‌ನದಾಗಿತ್ತು ಎಂಬುದನ್ನು ಓದುಗರು ಗಮನಿಸಬಹುದು. ಜನ ಗೊಣಗಿದ ಮೇಲೆ 7.01ರಲ್ಲಿ ಸೇರಿಸಿದರು. ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಇದು ಬಂದದ್ದು ಮೇಲೆ ಹೇಳಿದ 2004ರ ಪ್ಯಾಕ್‌ನೊಂದಿಗೇ.

ಕಾನೂನು ಏನು ಮಾಡಿತು ಎಂದು ಕೇಳಬಹುದು. ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ಮರುವರ್ಷವೇ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಪೊಲೀಸ್ ಠಾಣೆಯೂ ಬಂತು. ಆದರೆ ಬೇಡದ ಸಂದೇಶ ಕಳಿಸುವುದು ಆ ಕಾಯಿದೆಯಲ್ಲಿ ಅಪರಾಧವಾಗಿರಲಿಲ್ಲ. 2009ರ ಅಕ್ಟೋಬರ್‌ನಲ್ಲಿ ಜಾರಿಯಾದ 66ಎ ಕಲಮಿನಲ್ಲಿ ಕಿರಿಕಿರಿ ಉಂಟುಮಾಡುವ ವಿದ್ಯುನ್ಮಾನ ಸಂದೇಶಗಳ ಪ್ರಸ್ತಾಪ ಬಂತು. ಅದನ್ನು ಎಷ್ಟು ಸಡಿಲವಾಗಿ ಬರೆದಿದ್ದರೆಂದರೆ, ಜಾಹೀರಾತು ಕಳಿಸಿದವರ ಬದಲು ಅಭಿಪ್ರಾಯ ಬರೆದವರ ಮೇಲೆ ಬಳಕೆಯಾಯಿತು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ಪೂರ್ತಿ ರದ್ದು ಮಾಡಿತು. ರದ್ದಾದದ್ದು ಸರಿಯೇ.

ಈಗಿನ ಬಾಗಿಲು

ಕಳೆದ ತಿಂಗಳು ಅದೇ ಶಿಕ್ಷಕರು ಮತ್ತೆ ಕರೆದರು. ಈಗ ಎಂಬತ್ತು ದಾಟಿದ್ದಾರೆ. ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಒಂದರ ಹಿಂದೊಂದು ಸಂದೇಶ: ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, ಐದು ವೈರಸ್ ಸಿಕ್ಕಿವೆ, ಇಲ್ಲಿ ಒತ್ತಿ. "ಇದಕ್ಕೂ ಫಾರ್ಮ್ಯಾಟ್ ಮಾಡ್ಬೇಕೇನ್ರಿ?" ಎಂದು ಕೇಳಿದರು. ನನ್ನನ್ನು ಕರೆಯುವ ಮೊದಲೇ ತಮ್ಮ ಕಡತಗಳನ್ನೆಲ್ಲ ಎರಡು ಪೆನ್ ಡ್ರೈವ್‌ಗಳಿಗೆ ನಕಲು ಮಾಡಿಟ್ಟಿದ್ದರು. ನಾನೇನೂ ಮಾತಾಡಲಿಲ್ಲ.

ಇವು ಬರುವುದು 2015ರ ಏಪ್ರಿಲ್‌ನಲ್ಲಿ ಕ್ರೋಮ್ 42ರೊಂದಿಗೆ ಬಂದ ಸೌಲಭ್ಯದಿಂದ. ತಾಣವನ್ನು ಮುಚ್ಚಿದ ಮೇಲೂ ಅದು ನಿಮಗೆ ಸೂಚನೆ ಕಳಿಸಬಹುದು. ಹಳೆಯ ಜವಾನನಿಗೂ ಇವನಿಗೂ ಒಂದು ವ್ಯತ್ಯಾಸವಿದೆ. ಇವನು ಮೊದಲು ಅನುಮತಿ ಕೇಳುತ್ತಾನೆ: ಸೂಚನೆ ತೋರಿಸಲೇ? 'ಅಲೋ' ಅಥವಾ 'ಬ್ಲಾಕ್'. ವಂಚಕರು ಬಾಗಿಲು ಒಡೆಯುವುದಿಲ್ಲ. ನಾವೇ ತೆಗೆಯುವಂತೆ ಮಾಡುತ್ತಾರೆ. ನೀವು ರೋಬೋಟ್ ಅಲ್ಲವೆಂದು ತೋರಿಸಲು 'ಅಲೋ' ಒತ್ತಿ, ವಿಡಿಯೊ ನೋಡಲು 'ಅಲೋ' ಒತ್ತಿ ಎನ್ನುತ್ತಾರೆ. 2020ರ ಆರಂಭದಲ್ಲಿ ಫೈರ್‌ಫಾಕ್ಸ್ 72, ಕ್ರೋಮ್ 80 ಈ ಪ್ರಶ್ನೆಯನ್ನು ತಗ್ಗಿದ ದನಿಯಲ್ಲಿ ಕೇಳುವ ಏರ್ಪಾಡು ತಂದವು. ಆದರೆ ಒಮ್ಮೆ ಕೊಟ್ಟ ಅನುಮತಿ ನಾವು ಹಿಂಪಡೆಯುವವರೆಗೆ ಉಳಿಯಬಲ್ಲದು.

ಹಿಂಪಡೆಯುವುದು ಕಷ್ಟವಲ್ಲ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವಸಿ ಅಂಡ್ ಸೆಕ್ಯೂರಿಟಿ', ಅದರೊಳಗೆ 'ಸೈಟ್ ಸೆಟ್ಟಿಂಗ್ಸ್', ಅದರೊಳಗೆ 'ನೋಟಿಫಿಕೇಷನ್ಸ್'. ಅನುಮತಿ ಪಡೆದ ತಾಣಗಳ ಪಟ್ಟಿ ಅಲ್ಲಿರುತ್ತದೆ, ಗುರುತಿಲ್ಲದವನ್ನು ತೆಗೆದುಹಾಕಿ. ಅದೇ ಪುಟದಲ್ಲಿ ಯಾವ ತಾಣವೂ ಇನ್ನು ಕೇಳಲೇಬಾರದು ಎಂದೂ ಹೇಳಬಹುದು. ಮನೆಯ ಹಿರಿಯರ ಗಣಕದಲ್ಲಿ ಇದನ್ನು ಮಾಡಿಬಿಡುವುದು ಒಳ್ಳೆಯದು, ಅವರನ್ನು ಕೇಳಿಯೇ. ಇಡೀ ಪರದೆಯನ್ನು ಆವರಿಸಿ ಸಹಾಯವಾಣಿ ಸಂಖ್ಯೆ ತೋರಿಸುವ ಪುಟ ಬಂದರೆ ಆ ಸಂಖ್ಯೆಗೆ ಕರೆ ಮಾಡಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಬ್ರೌಸರನ್ನು ಅಲ್ಲಿಂದ ಮುಗಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹುಬ್ಬಳ್ಳಿ-ಧಾರವಾಡದವರಿಗೆ ಪೊಲೀಸ್ ಕಮಿಷನರೇಟಿನ ಸಿಇಎನ್ ಠಾಣೆಯೂ ಇದೆ.

ಮೇಷ್ಟರ ಪಟ್ಟಿಯಲ್ಲಿ 31 ತಾಣಗಳಿದ್ದವು. ಒಂದೊಂದನ್ನೂ ಓದಿ ಹೇಳಿದೆ. ಎರಡು ಪತ್ರಿಕೆಗಳದು, ಒಂದು ಪಂಚಾಂಗದ್ದು, ಇನ್ನೊಂದು ಮೊಮ್ಮಗಳ ಪರೀಕ್ಷೆಯ ಫಲಿತಾಂಶ ನೋಡುವ ಅವಸರದಲ್ಲಿ ಒತ್ತಿದ್ದು. ಉಳಿದ 27ನ್ನು ಯಾವಾಗ ಒತ್ತಿದರೋ ಅವರಿಗೆ ನೆನಪಿರಲಿಲ್ಲ. ಪಂಚಾಂಗ ಮಾತ್ರ ಇರಲಿ ಎಂದರು.